ಮಗುವಿನ ಒಳ್ಳೆಯದಕ್ಕೇ ಹೇಳ್ತಿದ್ದೀವಿ

ಆಯಾಗೆ ಕಣ್ಸನ್ನೆಯಾಗುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅಪ್ಪ ಅರ್ಧ ದಿನ ರಜೆ ಹಾಕಿ ಬಂದಿದ್ದಾನೆ, ಅಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ಮೊದಲು ಮಗುವಿನ ಗುಂಗುರು ಕೂದಲಿನ ಬಗ್ಗೆ ಒಂದು ಮಾತು, ನೆನಪಿನ ಶಕ್ತಿಯ ಬಗ್ಗೆ ಇನ್ನೊಂದು. ಆಮೇಲೆ ಪ್ರಿನ್ಸಿಪಾಲರು ಫೈಲು ಮುಚ್ಚಿ ದನಿ ತಗ್ಗಿಸುತ್ತಾರೆ: "ಒಂದ್ಸಲ ಡಾಕ್ಟರಿಗೆ ತೋರಿಸಿ. ಆಟಿಸಂ ಇರಬಹುದೇನೋ ಅಂತ ನಮಗೆ ಡೌಟು. ಬೇಜಾರು ಮಾಡ್ಕೋಬೇಡಿ, ಮಗುವಿನ ಒಳ್ಳೆಯದಕ್ಕೇ ಹೇಳ್ತಿದ್ದೀವಿ. ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಂಡರೆ ಅವನಿಗೂ ಅನುಕೂಲ."

ನಾಲ್ಕು ವಾಕ್ಯ. ಮೊದಲ ಎರಡು, ಯಾವ ಶಾಲೆಯಾದರೂ ಧೈರ್ಯವಾಗಿ ಆಡಬೇಕಾದ ಮಾತು. ಕೊನೆಯದು ಕಾನೂನಿಗೆ ವಿರುದ್ಧ. ನಡುವಿನ ಮೂರನೆಯದಿದೆಯಲ್ಲ, ಅದು ಇವನ್ನು ಸೇರಿಸಿ ಹೊಲಿಯುವ ದಾರ. ಎಷ್ಟು ನುಣುಪಾದ ದಾರವೆಂದರೆ ಹೊಲಿಗೆಯೇ ಕಾಣುವುದಿಲ್ಲ. ಅನುಮಾನ ಹೇಳಲು ಕರೆದವರು ಯಾವ ಗಳಿಗೆಯಲ್ಲಿ ಹೊರಗೆ ಕಳಿಸಿದರು ಎನ್ನುವುದು ಆ ಅಪ್ಪ-ಅಮ್ಮನಿಗೆ ಹೊಳೆಯುವುದು ಗೇಟಿನಾಚೆ ಸ್ಕೂಟರಿನ ಸ್ಟ್ಯಾಂಡ್ ತೆಗೆಯುವಾಗ.

ನಾನು ಆ ಮೇಜಿನ ಒಳಬದಿಯಲ್ಲಿ ಕೂತವಳು. ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದೆ. ಯುಕೆಜಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಬಾಗಿಲ ಹೊರಗೆ ಬಿಟ್ಟ ಎಲ್ಲರ ಶೂಗಳನ್ನೂ ಸಾಲಾಗಿ ಜೋಡಿಸುವನು. ಯಾರಾದರೂ ನಡುವಿನಿಂದ ಒಂದನ್ನು ಎಳೆದರೆ ನೆಲಕ್ಕೆ ಬಿದ್ದು ಅಳುವನು. ಆಡುತ್ತಿದ್ದ ಮಾತು ಎರಡೇ: "ರೈಟ್ ರೈಟ್", "ಹೋಲ್ಡಾನ್". ಸಿಟಿ ಬಸ್ಸಿನ ಕಂಡಕ್ಟರಿಂದ ಕಲಿತದ್ದು. ಸ್ಟಾಫ್ ರೂಮಿನಲ್ಲಿ ನಾವದನ್ನು ಅನುಕರಿಸಿ ನಗುತ್ತಿದ್ದೆವು. ಫೆಬ್ರವರಿಯಲ್ಲಿ ಅವನ ಮನೆಯವರನ್ನು ಕರೆಸಿದಾಗ ಪ್ರಿನ್ಸಿಪಾಲರ ಪಕ್ಕ ಕೂತು ತಲೆಯಾಡಿಸಿದವಳು ನಾನು. ಆ ಮೂರನೆಯ ವಾಕ್ಯ ಬಂದದ್ದು ನನ್ನ ಬಾಯಿಂದಲೇ. ಹಾಗಾಗಿ ಮುಂದೆ ಶಾಲೆಯನ್ನು ಬೈಯುವಲ್ಲೆಲ್ಲ ನನ್ನನ್ನೂ ಸೇರಿಸಿಕೊಂಡು ಓದಬಹುದು.

ಈ ಮಾತು ಶಾಲೆಯೊಂದರದೇ ಆಗಿದ್ದರೆ ಜಗಳ ಸಣ್ಣದಿತ್ತು. ಊರಿಗೆ ಊರೇ ಇದನ್ನು ಒಪ್ಪಿಕೊಂಡಿದೆ. ಬೀಗರ ಮನೆಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಂದೇ ರಾಗ: "ಪಾಪ, ಅಂಥ ಮಕ್ಕಳಿಗೆ ಅಂತಲೇ ಬೇರೆ ಸ್ಕೂಲ್ ಇರ್ತವಲ್ಲ, ಅಲ್ಲಿ ಚೆನ್ನಾಗಿ ನೋಡ್ಕೋತಾರೆ." ಕನ್ನಡದ 'ಪಾಪ' ಬಹಳ ಉಪಯೋಗಕ್ಕೆ ಬರುವ ಪದ. ಮರುಕವೂ ಅದೇ, ಮಾಡಬಾರದ್ದನ್ನು ಮಾಡಿದ್ದೂ ಅದೇ. ಒಂದನ್ನು ಬಾಯಲ್ಲಿ ಆಡುತ್ತಲೇ ಇನ್ನೊಂದನ್ನು ಕೈಯಲ್ಲಿ ಮಾಡಬಹುದು. ಆ 'ಬೇರೆ ಸ್ಕೂಲ್' ಎಲ್ಲಿದೆ ಎಂದು ಈ ಕರುಣಾಳುಗಳಲ್ಲಿ ಯಾರಾದರೂ ಹುಡುಕಿ ನೋಡಿದ್ದಾರೆಯೆ? ಬೆಂಗಳೂರು, ಮೈಸೂರು, ಮಂಗಳೂರು ದಾಟಿ ಹೊರಡಿ. ಜೊಯಿಡಾದ ಅಮ್ಮ, ಸಿಂಧನೂರಿನ ಅಮ್ಮ ಮಗುವನ್ನು ಬೆಳಿಗ್ಗೆ ಯಾವ ಬಸ್ಸಿಗೆ ಹತ್ತಿಸಬೇಕು?

ಹಿಂದೊಮ್ಮೆ ನಮ್ಮ ಆಡಳಿತ ಮಂಡಳಿಯವರೊಬ್ಬರು ಹೆಮ್ಮೆಯಿಂದ ಹೇಳಿದ್ದರು, "ನಮ್ಮಲ್ಲಿ ಅಂಥ ಮಕ್ಕಳು ಯಾರೂ ಇಲ್ಲ." ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎನ್ನುವುದು 2021ರ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾವಿರದ ಇನ್ನೂರು ಮಕ್ಕಳಿರುವ ಶಾಲೆಯಲ್ಲಿ ಒಂಬತ್ತೋ ಹತ್ತೋ ಮಕ್ಕಳಾದರೂ ಇರಬೇಕು. ಒಬ್ಬರೂ ಇಲ್ಲವೆಂದರೆ ಎರಡೇ ಅರ್ಥ: ಇರುವವರನ್ನು ನೀವು ಕಂಡಿಲ್ಲ, ಇಲ್ಲವೇ ಕಂಡು ಕಳಿಸಿದ್ದೀರಿ. ಇದರಲ್ಲಿ ಹೆಮ್ಮೆ ಪಡುವಂಥದ್ದು ಯಾವುದು? ಸರ್ಕಾರಿ ಕಾಗದದಲ್ಲಿ ಆಟಿಸಂಗೆ 'ಸ್ವಲೀನತೆ' ಎಂದು ಹೆಸರು, ತನ್ನಲ್ಲಿ ತಾನೇ ಮುಳುಗಿರುವುದು ಎಂದರ್ಥ. ಮಕ್ಕಳಿಗಿಂತ ನಮ್ಮ ಆಡಳಿತ ಮಂಡಳಿಗಳಿಗೆ ಈ ಹೆಸರು ಹೆಚ್ಚು ಒಪ್ಪುತ್ತದೆ.

ಟೀಚರ ಕಣ್ಣಿಗೆ ಬೆಲೆಯಿಲ್ಲವೆ? ಬಹಳ ಇದೆ. ಅಮ್ಮ ನೋಡುವುದು ಒಂದು ಮಗುವನ್ನು. ಟೀಚರು ಒಂದೇ ವಯಸ್ಸಿನ ಮೂವತ್ತು ಮಕ್ಕಳನ್ನು ದಿನವೂ ಪಕ್ಕಪಕ್ಕ ನೋಡುತ್ತಾಳೆ. ಬೇರೆ ಯಾರಿಗೂ ಕಾಣದ್ದು ಅವಳಿಗೆ ಕಾಣುತ್ತದೆ. ಅದನ್ನು ನುಂಗಿಕೊಂಡು ಸುಮ್ಮನಿರುವ ಟೀಚರೂ ತಪ್ಪಿತಸ್ಥಳೇ. ಆದರೆ ಕಂಡದ್ದನ್ನು ಹೇಳಬೇಕೇ ಹೊರತು ಹೆಸರಿಟ್ಟು ಕಳಿಸಬಾರದು. ಕರೆದರೆ ತಿರುಗದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಕೇಳಿಸದ ಮಗುವೂ ತಿರುಗುವುದಿಲ್ಲ ಎನ್ನುವುದು ತಿಳಿಯಲು ಬಿ.ಎಡ್. ಬೇಕೆ? ಆಟಿಸಂ ಹೌದೋ ಅಲ್ಲವೋ ಎಂದು ಹೇಳುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ. ಪರಿಣತರು ಮಗುವಿನ ಜೊತೆ ಕೂತು, ಆಡಿಸಿ, ಹುಟ್ಟಿದಂದಿನಿಂದ ಏನೇನಾಯಿತು ಎಂದು ಮನೆಯವರನ್ನು ಕೇಳಿ ತೀರ್ಮಾನಿಸಬೇಕು. ನಮ್ಮ ದೇಶದಲ್ಲಿ ಪ್ರಮಾಣಪತ್ರಕ್ಕೆ ಬಳಸುವ ಅಳತೆಗೋಲಿನಲ್ಲೇ 40 ಅಂಶಗಳಿವೆ. ನಾವು ಎರಡು ಅಂಶದಲ್ಲಿ ಮುಗಿಸಿದೆವು: ಅಳುತ್ತಾನೆ, ಕೂರುವುದಿಲ್ಲ.

ಇನ್ನೊಂದು ನಾಚಿಕೆಯ ಸಂಗತಿ ಹೇಳಿಬಿಡುತ್ತೇನೆ. 1965ರಲ್ಲಿ ಹುಟ್ಟಿದ, ದೇಶದ ಎಲ್ಲ ಕಡೆಯಿಂದ ಜನ ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮದೇ ಊರಿನ ಮಾನಸಗಂಗೋತ್ರಿಯಲ್ಲಿ. ಶಾಲೆಯ ಗೇಟಿನಲ್ಲಿ ಆಟೋ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಅಲ್ಲಿ ತೋರಿಸಿ ಎಂದು ನಾವು ಆ ಅಪ್ಪ-ಅಮ್ಮನಿಗೆ ಒಂದು ಸಾಲಿನ ಚೀಟಿಯನ್ನೂ ಬರೆದುಕೊಟ್ಟಿರಲಿಲ್ಲ. ಟಿ.ಸಿ. ಮಾತ್ರ ಎರಡು ದಿನದಲ್ಲಿ ರೆಡಿಯಾಗಿತ್ತು.

ಈಗ ಕಾನೂನಿಗೆ ಬರೋಣ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯಲ್ಲಿ ಪಟ್ಟಿಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಒಂದು. ಅದರ 16ನೆಯ ಕಲಮಿನ ಪ್ರಕಾರ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆಯಾ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು. ಖಾಸಗಿ ಶಾಲೆಗೆ ಮಾನ್ಯತೆ ಬೇಡವೆ? ಬೇಕು. ಬೋರ್ಡಿನ ಮೇಲೆ ಮಾನ್ಯತೆಯ ನಂಬರು ದಪ್ಪಕ್ಷರದಲ್ಲಿ ಬರೆಸುತ್ತೀರಲ್ಲ? ಬರೆಸುತ್ತೀರಿ. ಹಾಗಿದ್ದರೆ ಅದರ ಜೊತೆಗೆ ಬಂದ ಹೊಣೆ ಎಲ್ಲಿ ಹೋಯಿತು?

2009ರ ಶಿಕ್ಷಣ ಹಕ್ಕು ಕಾಯ್ದೆಯೂ ಒಂದು ಮಾತು ಹೇಳುತ್ತದೆ: ಸೇರಿಸಿಕೊಂಡ ಮಗುವನ್ನು ಎಂಟನೆಯ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. ಆದರೆ ಆ ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದ ಮಕ್ಕಳಿಗೆ. ಎಲ್‌ಕೆಜಿ, ಯುಕೆಜಿಯ ಮಕ್ಕಳು ಅದರ ಹೊಸ್ತಿಲ ಈಚೆಗಿದ್ದಾರೆ. ನಮ್ಮ ಅನುಮಾನಗಳೆಲ್ಲ ಯುಕೆಜಿಯ ಫೆಬ್ರವರಿಯಲ್ಲೇ ಹಣ್ಣಾಗುವುದು ಯಾಕೆ ಎಂದು ಈಗ ತಿಳಿಯಿತೆ? ಜೂನ್‌ನಿಂದ ಜನವರಿಯವರೆಗೆ ಕಾಣದಿದ್ದ ಆಟಿಸಂ, ಒಂದನೇ ಕ್ಲಾಸಿನ ಫೀಸು ಕಟ್ಟಿಸಿಕೊಳ್ಳುವ ಹೊತ್ತಿಗೆ ತಟ್ಟನೆ ಕಾಣುವುದು ಯಾವ ವೈದ್ಯಶಾಸ್ತ್ರದಲ್ಲಿ ಬರೆದಿದೆ? 2016ರ ಕಾಯ್ದೆಗೆ ಯುಕೆಜಿ, ಒಂದನೇ ಕ್ಲಾಸು ಎಂಬ ಭೇದವಿಲ್ಲ. ಆದರೆ ಅದನ್ನು ಮುರಿದರೆ ಮೊದಲ ಸಲದ ದಂಡ ಹೆಚ್ಚೆಂದರೆ 10,000 ರೂಪಾಯಿ. ದೊಡ್ಡ ಶಾಲೆಗಳಿಗೆ ಅದು ವಾರ್ಷಿಕೋತ್ಸವದ ಹೂವಿನ ಖರ್ಚು.

ಬಾಗಿಲು ಪೂರ್ತಿ ಮುಚ್ಚಲು ಸಂಕೋಚವಾದ ಶಾಲೆಗಳು ಬೇರೊಂದು ಉಪಾಯ ಕಂಡುಕೊಂಡಿವೆ. "ಇರಲಿ, ಆದರೆ ನೀವೇ ಒಬ್ಬ ಶ್ಯಾಡೋ ಟೀಚರನ್ನು ಇಟ್ಟುಕೊಳ್ಳಬೇಕು." ಫೀಸು ಶಾಲೆಗೆ, ದಿನವಿಡೀ ಮಗುವಿನ ಪಕ್ಕ ಕೂರುವ ಈ ನೆರಳಿನ ಸಂಬಳ ಬೇರೆ. ಬಾಡಿಗೆ ಮನೆಯವನು ಬಾಡಿಗೆಯನ್ನೂ ಕೊಟ್ಟು ಸೂರನ್ನೂ ತಾನೇ ಹೊದಿಸಿಕೊಳ್ಳಬೇಕಾದ ಹಾಗೆ. ನೆರಳು ಬಂದ ದಿನದಿಂದ ಕ್ಲಾಸ್ ಟೀಚರ್ ಆ ಮಗುವಿನ ಹೆಸರು ಕರೆಯುವುದನ್ನೇ ಬಿಡುತ್ತಾಳೆ. ಕೊನೆಯ ಬೆಂಚಿನಲ್ಲಿ ಇಬ್ಬರು, ಶಾಲೆಯೊಳಗೇ ಒಂದು ಪುಟ್ಟ 'ಬೇರೆ ಸ್ಕೂಲ್'. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಪ್ರಮಾಣವನ್ನು ಸುಪ್ರೀಂ ಕೋರ್ಟು 2021ರಲ್ಲೇ ಹಾಕಿಕೊಟ್ಟಿತು. ಆ ಶಿಕ್ಷಕರು ಶಾಲೆಯ ಸಿಬ್ಬಂದಿ, ಅಮ್ಮನ ತಾಳಿ ಅಡವಿಟ್ಟು ತರುವ ನೆರಳಲ್ಲ.

ಅಮ್ಮ ಎಂದೆನಲ್ಲ, ಅಲ್ಲಿಗೇ ಬಂದೆ. ಮುಚ್ಚಿದ ಬಾಗಿಲ ಹಿಂದೆ ಐದನೆಯ ವಾಕ್ಯವೊಂದು ತಪ್ಪದೆ ಬರುತ್ತದೆ, ನೇರವಾಗಿ ಅಮ್ಮನ ಮುಖ ನೋಡಿಕೊಂಡು: "ಮನೇಲಿ ಮೊಬೈಲ್ ಜಾಸ್ತಿ ಕೊಡ್ತೀರಾ?" ಕೆಲಸಕ್ಕೆ ಹೋಗುವವಳಾದರೆ, "ಮಗು ಜೊತೆ ಟೈಮ್ ಸ್ಪೆಂಡ್ ಮಾಡ್ತೀರಾ?" ಅಪ್ಪನನ್ನು ಈ ಪ್ರಶ್ನೆ ಕೇಳಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅಮೆರಿಕದ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ತಮ್ಮ ಪ್ರಸಿದ್ಧ ಲೇಖನ ಬರೆದದ್ದು 1943ರಲ್ಲಿ. ಆ 11 ಮನೆಗಳಲ್ಲಿ ಯಾವ ಕಂಪನಿಯ ಮೊಬೈಲ್ ಇತ್ತು? ಚಿಕ್ಕ ಮಕ್ಕಳ ಕೈಗೆ ದಿನವಿಡೀ ಫೋನು ಕೊಡಬಾರದು, ಅದು ಬೇರೆ ಜಗಳ. ಆಟಿಸಂ ಮಗು ಹುಟ್ಟುವಾಗಲೇ ಮಿದುಳಿನ ಬೆಳವಣಿಗೆಯ ಜೊತೆ ಬರುವ ಬೇರೆತನ, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಅಮ್ಮನ ಪ್ರೀತಿ ತಣ್ಣಗಿದ್ದುದೇ ಕಾರಣ ಎಂಬ ವಾದವನ್ನು ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕ ಬರೆದೇ ಹಬ್ಬಿಸಿದರು. ಒಂದು ತಲೆಮಾರಿನ ಅಮ್ಮಂದಿರು ಕೊರಗಿ ಸತ್ತರು. ಆ ಕೇಸು ವಿಜ್ಞಾನದ ಕೋರ್ಟಿನಲ್ಲಿ ಬಿದ್ದುಹೋಗಿ ದಶಕಗಳಾದವು. ನಮ್ಮ ಪೋಷಕರ ಸಭೆಯಲ್ಲಿ ಮಾತ್ರ ಇನ್ನೂ ವಾಯಿದೆ ನಡೆಯುತ್ತಲೇ ಇದೆ.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಇನ್ನೊಂದು ಸಲಹೆ. "ಮನೇಲಿ ಕನ್ನಡ ಬಿಡಿ, ಇಂಗ್ಲಿಷೊಂದೇ ಮಾತಾಡಿ. ಎರಡೆರಡು ಭಾಷೆಯಿಂದ ಮಗುವಿಗೆ ಕನ್‌ಫ್ಯೂಷನ್ ಆಗ್ತಿದೆ." ಎಷ್ಟು ಸಲೀಸಾಗಿ ಹೇಳುತ್ತೇವೆ! ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆಯೇ ಎಂದು ಪರೀಕ್ಷಿಸಿದ ಅಧ್ಯಯನಗಳು, ಹಾಗೇನೂ ಆಗುವುದಿಲ್ಲ ಎಂದೇ ಹೇಳಿವೆ. ಆದರೂ ಈ ಸಲಹೆಯನ್ನು ಶಿರಸಾ ವಹಿಸಿದ ಮನೆಗಳನ್ನು ನೋಡಿದ್ದೇನೆ. ಅಪ್ಪ ಅರ್ಧಂಬರ್ಧ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎನ್ನುತ್ತಾನೆ, ನಾಯಿಗೆ ಹೇಳಿಕೊಟ್ಟ ಹಾಗೆ. ಅಜ್ಜಿ ಮೊಮ್ಮಗನ ಮುಂದೆ ಬಾಯಿ ಬಿಡಲು ಹೆದರಿ ಅಡುಗೆಮನೆ ಸೇರುತ್ತಾಳೆ. ಮಾತು ಕಡಿಮೆಯಿರುವ ಮಗುವಿನ ಸುತ್ತ ಮಾತನ್ನೇ ಇಲ್ಲವಾಗಿಸುವುದು ಯಾವ ಚಿಕಿತ್ಸೆ? ಕಥೆ, ಜೋಗುಳ, ಬೈಗುಳ, ಮುದ್ದು ಎಲ್ಲವೂ ಇರುವ ಭಾಷೆಯನ್ನು ಕಿತ್ತುಕೊಂಡು ಮೂರು ಆಜ್ಞೆಗಳ ಭಾಷೆ ಕೊಟ್ಟರೆ ಆ ಮಗು ಯಾರ ಜೊತೆ, ಏನು ಆಡಬೇಕು?

ನಮ್ಮ ಹುಡುಗನ ಎರಡು ಮಾತುಗಳ ಅರ್ಥ ನನಗೆ ತಿಳಿದದ್ದು ಟಿ.ಸಿ. ಒಯ್ಯಲು ಬಂದ ಅವನ ಅಜ್ಜಿಯಿಂದ. ನೀಲಗಿರಿ ತೈಲದ ವಾಸನೆಯ ಆ ಹೆಂಗಸು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: "ಅವನಿಗೆ ಗಲಾಟೆ ತಡ್ಕೊಳ್ಳಕ್ಕಾಗ್ದಿದ್ರೆ ಹೋಲ್ಡಾನ್ ಅಂತಾನೆ ಮಿಸ್. ನಿಲ್ಸಿ ಅಂತ. ಆಮೇಲೆ ಸರಿಹೋದ್ರೆ ರೈಟ್ ರೈಟ್. ನಿಮಗೆ ಗೊತ್ತಿತ್ತಲ್ವಾ?" ನಮಗೆ ಗೊತ್ತಿರಲಿಲ್ಲ. ಕೇಳಿಸಿಕೊಂಡ ಮಾತನ್ನು ಹಾಗೆಯೇ ತಿರುಗಿ ಆಡುವುದು ಅರ್ಥವಿಲ್ಲದ ಗಿಳಿಪಾಠವಲ್ಲ, ಎಷ್ಟೋ ಸಲ ಅದೇ ಆ ಮಗುವಿನ ಮಾತು ಎಂದು ವಾಕ್ ತಜ್ಞರು 1980ರ ದಶಕದಿಂದಲೇ ಹೇಳುತ್ತ ಬಂದಿದ್ದಾರೆ. ನೀರು ಬೇಕಾದಾಗ "ನೀರು ಬೇಕಾ ಕಂದ?" ಎಂದು ಅಮ್ಮನ ದನಿಯಲ್ಲೇ ಕೇಳುವ ಮಕ್ಕಳಿದ್ದಾರೆ. ನಮ್ಮ ಹುಡುಗ ಪ್ರತಿದಿನ ಬೆಳಿಗ್ಗೆ ಗಂಟೆ ಹೊಡೆದಾಗ, ಪ್ರಾರ್ಥನೆಯ ಡ್ರಮ್ ಬಡಿದಾಗ ಎರಡೂ ಕಿವಿ ಮುಚ್ಚಿಕೊಂಡು "ಹೋಲ್ಡಾನ್, ಹೋಲ್ಡಾನ್" ಎನ್ನುತ್ತಿದ್ದ. ಹತ್ತು ತಿಂಗಳು ಅವನು ಕನ್ನಡದ ಬಸ್ಸಿನ ಭಾಷೆಯಲ್ಲಿ ನಮ್ಮನ್ನು ಬೇಡಿಕೊಂಡ. ನಾವು ನಕ್ಕೆವು. ಹಾಗಾದರೆ ಸಂವಹನದ ತೊಂದರೆ ಇದ್ದದ್ದು ಯಾರಿಗೆ?

"ಉಳಿದ ಮಕ್ಕಳ ಓದು ಹಾಳಾಗುತ್ತಲ್ಲ?" ಈ ಪ್ರಶ್ನೆ ಬಂದೇ ಬರುತ್ತದೆ, ಬ್ರಹ್ಮಾಸ್ತ್ರದ ಹಾಗೆ. ಒಂದು ಕೋಣೆಗೆ 45 ಮಕ್ಕಳನ್ನು ತುಂಬುವಾಗ ಉಳಿದವರ ಓದು ಹಾಳಾಗಲಿಲ್ಲವೆ? ವರ್ಷದಲ್ಲಿ ಮೂರು ಸಲ ಟೀಚರು ಬದಲಾದಾಗ? ವಾರ್ಷಿಕೋತ್ಸವದ ಡಾನ್ಸಿಗೆಂದು ತಿಂಗಳುಗಟ್ಟಲೆ ಪಾಠ ನಿಲ್ಲಿಸಿದಾಗ? ಆಗೆಲ್ಲ ಇಲ್ಲದ ಕಾಳಜಿ, ಶೂ ಜೋಡಿಸುವ ಒಂದು ಮಗುವನ್ನು ಕಂಡ ಕೂಡಲೇ ಉಕ್ಕುತ್ತದೆ. ಆ ಮಗುವಿಗೆ ಬೇಕಾದದ್ದಾದರೂ ಏನು? ದಿನದ ಕೆಲಸಗಳನ್ನು ಚಿತ್ರದಲ್ಲಿ ತೋರಿಸುವ ಒಂದು ಹಾಳೆ ಗೋಡೆಯ ಮೇಲೆ, ಪಿರಿಯಡ್ ಬದಲಾಗುವ ಮೊದಲು ಒಂದು ಮಾತು, ತಡೆಯಲಾಗದಾಗ ಹೋಗಿ ಕೂರಲು ಒಂದು ಮೂಲೆ, ಸ್ವಲ್ಪ ಮೆತ್ತಗಿನ ಗಂಟೆ. ಗಂಟೆ ಮೆತ್ತಗಾದರೆ ಯಾರ ರ‍್ಯಾಂಕು ತಪ್ಪುತ್ತದೆ?

ಸರ್ಕಾರಿ ಶಾಲೆಗಳ ಕಥೆ ಬೇರೆ ಬಗೆಯದು. ಅಲ್ಲಿ ಹೊರಗೆ ಹಾಕುವುದಿಲ್ಲ, ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡು ಮರೆಯುತ್ತಾರೆ. ತಾಲ್ಲೂಕಿನ ಉದ್ದಗಲಕ್ಕೂ ಓಡಾಡಬೇಕಾದ ಬೆರಳೆಣಿಕೆಯ ಬಿಐಇಆರ್‌ಟಿಗಳು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಬೈಕಿನಲ್ಲಿ ಎಷ್ಟು ಮಕ್ಕಳನ್ನು ಮುಟ್ಟಿಯಾರು? ಗೃಹಾಧಾರಿತ ಶಿಕ್ಷಣ ಎಂಬ ಹೆಸರಿನಲ್ಲಿ, ಶಾಲೆಗೆ ನಡೆದು ಬರಬಲ್ಲ ಮಗುವೂ ಮನೆಯ ಜಗಲಿಯಲ್ಲೇ ಉಳಿಯುತ್ತದೆ. ಲೆಕ್ಕದಲ್ಲಿ ಮಾತ್ರ ದಾಖಲಾತಿ ನೂರಕ್ಕೆ ನೂರು.

ಇಷ್ಟೆಲ್ಲ ಮಾಡಿ ನಾವು ಒಂದು ದೂರು ಹೇಳುತ್ತೇವೆ: "ಪೋಷಕರು ಒಪ್ಪೋದೇ ಇಲ್ಲ ರೀ." ಯಾಕೆ ಒಪ್ಪಬೇಕು? ಒಪ್ಪಿಕೊಂಡ ಮರುಗಳಿಗೆ ಸೀಟು ಹೋಗುತ್ತದೆ ಎಂದು ಗೊತ್ತಿದ್ದ ಮೇಲೆ ಯಾವ ಅಪ್ಪ ಒಪ್ಪಿಯಾನು? "ನಮ್ಮನೆಯವರಿಗೂ ಮಾತು ತಡವಾಗೇ ಬಂದಿದ್ದು" ಎಂದು ಅತ್ತೆ ಹೇಳುತ್ತಾರೆ, ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಕಾಂಡಕೋಶದ ಹೆಸರಿನಲ್ಲಿ ಆಧಾರವಿಲ್ಲದ ಚಿಕಿತ್ಸೆ ಮಾರುವವರ ಬಳಿ ಸೈಟು ಮಾರಿ ಹೋಗುವವರೂ ಇದ್ದಾರೆ. ವರ್ಷಗಳು ಹೀಗೆ ಕಳೆಯುತ್ತವೆ. ಕೊನೆಗೊಮ್ಮೆ ರಿಪೋರ್ಟು ಮಾಡಿಸಿದರೂ ಅದು ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಸೇರುತ್ತದೆ, ಮುಂದಿನ ಶಾಲೆಗೆ ಗೊತ್ತಾಗಬಾರದಲ್ಲ! ಇದನ್ನು ಮನೆಯವರ ಮೌಢ್ಯ ಎಂದು ಬರೆದುಕೊಳ್ಳುತ್ತೇವೆ. ಬಾಗಿಲು ಮುಚ್ಚುವವರು ನಾವು, ಕಿವಿ ಮುಚ್ಚಿಕೊಂಡರೆಂದು ದೂರುವವರೂ ನಾವು. ಬೇಗ ಗುರುತಿಸಬೇಕು ಎಂದು ಸೆಮಿನಾರಿನಲ್ಲಿ ಭಾಷಣ ಮಾಡುವವರೇ ಗುರುತಿಸಿದ ಮಗುವಿಗೆ ಶಿಕ್ಷೆ ಕೊಟ್ಟರೆ, ಮಗುವನ್ನು ಅಡಗಿಸಿಡದೆ ಜನ ಇನ್ನೇನು ಮಾಡುತ್ತಾರೆ?

ಏಪ್ರಿಲ್ 2 ಬಂದಾಗ ಮಾತ್ರ ನಮ್ಮ ಗೇಟಿಗೆ ನೀಲಿ ಬಲೂನು. ವಿಶ್ವ ಆಟಿಸಂ ಜಾಗೃತಿ ದಿನ. ಪ್ರಿನ್ಸಿಪಾಲರು ನೀಲಿ ಸೀರೆಯುಟ್ಟು ಫೋಟೋಗೆ ನಿಲ್ಲುತ್ತಾರೆ. ಫೆಬ್ರವರಿಯಲ್ಲಿ ಕಳಿಸಿದ ಮಗುವಿನ ಜಾಗ ಆ ಫೋಟೋದಲ್ಲಿ ಯಾವ ಸಾಲಿನಲ್ಲಿ ಬರುತ್ತದೆ ಎಂದು ನಾನು ಕೇಳಲಿಲ್ಲ. ಎರಡನೆಯ ಸಾಲಿನಲ್ಲಿ ನಾನೂ ನಗುತ್ತ ನಿಂತಿದ್ದೆ.

ಸಾಕು. ಶಿಕ್ಷಣ ಇಲಾಖೆ ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ: ಪ್ರತಿ ಶಾಲೆಯ ಮಾನ್ಯತೆ ನವೀಕರಿಸುವಾಗ ಕಟ್ಟಡದ ನಕ್ಷೆ, ಬೆಂಕಿ ಆರಿಸುವ ಸಿಲಿಂಡರುಗಳ ಜೊತೆ ಇನ್ನೂ ಎರಡು ಪ್ರಶ್ನೆ ಕೇಳಲಿ. ವಿಶೇಷ ಶಿಕ್ಷಕರು ಎಷ್ಟು ಜನ? ಯುಕೆಜಿಯಿಂದ ಒಂದನೆಯ ತರಗತಿಗೆ ಹತ್ತದ ಮಕ್ಕಳು ಎಷ್ಟು, ಯಾಕೆ? ಉತ್ತರವಿಲ್ಲದ ಶಾಲೆಗೆ ಮಾನ್ಯತೆಯೂ ಇಲ್ಲ. ಟೀಚರುಗಳೇ, ನಿಮ್ಮ ಕಣ್ಣನ್ನು ಆಡಳಿತ ಮಂಡಳಿಗೆ ಬಾಡಿಗೆ ಕೊಡಬೇಡಿ. ಕಂಡದ್ದನ್ನು ಜೂನ್‌ನಲ್ಲೇ ಹೇಳಿ, ಹೇಳಿದ ಮೇಲೆ ಆ ಮಗುವಿನ ಪಕ್ಕ ನಿಲ್ಲಿ. ಉಳಿದ ಮಕ್ಕಳ ಅಪ್ಪ-ಅಮ್ಮಂದಿರೇ, ಶಾಲೆ ನಿಮ್ಮ ಮಗುವಿನ ಹೆಸರು ಹೇಳಿಕೊಂಡು ಇನ್ನೊಂದು ಮಗುವನ್ನು ಕಳಿಸುವಾಗ "ನಮ್ಮ ಹೆಸರು ಬಳಸಬೇಡಿ" ಎಂದು ಅದೇ ವಾಟ್ಸಾಪ್ ಗುಂಪಿನಲ್ಲಿ ಬರೆಯಿರಿ.

ಇನ್ನು, ಮುಚ್ಚಿದ ಬಾಗಿಲ ಒಳಗೆ ಕುರ್ಚಿಯ ತುದಿಯಲ್ಲಿ ಕೂತ ಅಪ್ಪ-ಅಮ್ಮ. ನಿಮಗೆ ಒಳಗಿನವಳಾಗಿ ಒಂದು ಗುಟ್ಟು ಹೇಳುತ್ತೇನೆ. ಆ ನಾಲ್ಕನೆಯ ವಾಕ್ಯವನ್ನು ಯಾವ ಶಾಲೆಯೂ ಕಾಗದದ ಮೇಲೆ ಬರೆಯುವುದಿಲ್ಲ. ಇಮೇಲ್ ಮಾಡುವುದಿಲ್ಲ, ಡೈರಿಯಲ್ಲಿ ಹಾಕುವುದಿಲ್ಲ. ಟಿ.ಸಿ.ಯಲ್ಲಿ ಬಿಡಲು ಕಾರಣ 'ಪೋಷಕರ ಕೋರಿಕೆ' ಎಂದು ಇರುತ್ತದೆ, ಕೆಳಗೆ ನಿಮ್ಮದೇ ಸಹಿ. ಅದು ಎಲ್ಲ ಕಾಲಕ್ಕೂ ಬಾಯಿಮಾತು, ಯಾಕೆಂದರೆ ಬರೆದರೆ ಅದೇ ಸಾಕ್ಷಿ, ರಾಜ್ಯ ಅಂಗವಿಕಲರ ಆಯುಕ್ತರ ಮುಂದೆ ಇಡಬಹುದಾದ ಸಾಕ್ಷಿ. ಆದ್ದರಿಂದ ಸಹಿ ಹಾಕಬೇಡಿ. ಅಳು ಬಂದರೆ ಅತ್ತುಬಿಡಿ, ಆಮೇಲೆ ಮೂಗು ಒರೆಸಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತು ಹೇಳಿ: "ಡಾಕ್ಟರಿಗೆ ತೋರಿಸ್ತೀವಿ ಮೇಡಂ. ಮಗು ಇಲ್ಲೇ ಓದುತ್ತೆ. ಬೇರೆ ಕಡೆ ನೋಡ್ಕೊಳ್ಳಿ ಅಂದ್ರಲ್ಲ, ಅದನ್ನ ಬರೆದುಕೊಡಿ." ಲೆಟರ್‌ಹೆಡ್ ಇಲ್ಲ ಎಂದರೆ ನಂಬಬೇಡಿ. ಎಡಗಡೆಯ ಮೇಲಿನ ಡ್ರಾಯರಿನಲ್ಲೇ ಇರುತ್ತದೆ. ನಾನು ನೋಡಿದ್ದೇನೆ.